ಬಣ್ಣ ಹಚ್ಚದೆ ಬಣ್ಣ ಸೋಸುವ ಲೋಹ: ನಿಜವಾದ ‘ನ್ಯಾನೊ ಫಿಲ್ಟರ್’ ಹೇಗೆ ಕೆಲಸ ಮಾಡುತ್ತದೆ?

‘ನ್ಯಾನೊ’ ಎಂಬ ಪದ ನಮ್ಮ ಮೊಬೈಲಿಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು, ವಿಜ್ಞಾನದ ಸುದ್ದಿಯಾಗಿ. ಇನ್ನೊಂದು, ಫಾರ್ವರ್ಡ್ ಆಗಿ. ನೋಟಿನೊಳಗೆ ನ್ಯಾನೊ ಚಿಪ್ ಇದೆ, ಫೋನಿನ ಹಿಂದೆ ಈ ನ್ಯಾನೊ ಸ್ಟಿಕ್ಕರ್ ಅಂಟಿಸಿದರೆ ವಿಕಿರಣ ಸೋಸಿಹೋಗುತ್ತದೆ, ಈ ಪೆಂಡೆಂಟ್ ಕೊರಳಲ್ಲಿದ್ದರೆ 5ಜಿ ಏನೂ ಮಾಡದು ಎಂಬಂಥ ಸಂದೇಶಗಳು ಮತ್ತೆ ಮತ್ತೆ ಸುತ್ತುತ್ತಿರುತ್ತವೆ. ಎರಡೂ ಕಡೆ ಪದ ಒಂದೇ ಆದ್ದರಿಂದ ಸುಳ್ಳೂ ವಿಜ್ಞಾನದಂತೆಯೇ ಕೇಳಿಸುತ್ತದೆ. ಜನ ಹಣ ಕೊಟ್ಟು ಕೊಳ್ಳುವುದು ಇಲ್ಲಿಯೇ.

ಈ ಲೇಖನದಲ್ಲಿ ನಾವು ನಿಜವಾದ ಒಂದು ನ್ಯಾನೊ ಫಿಲ್ಟರನ್ನು ಬಿಡಿಸಿ ನೋಡೋಣ. ಅದರ ಹೆಸರು ಪ್ಲಾಸ್ಮಾನಿಕ್ ಫಿಲ್ಟರ್. ಅದರ ಕೆಲಸ ಅರ್ಥವಾದರೆ, ‘ನ್ಯಾನೊ’ ಎಂದು ಹೇಳಿಕೊಂಡು ಬರುವ ಉಳಿದ ವಸ್ತುಗಳನ್ನು ಅಳೆಯಲು ಒಂದು ಅಳತೆಗೋಲೂ ಸಿಗುತ್ತದೆ.

ಚುಟುಕಾಗಿ ಹೇಳುವುದಾದರೆ:

• ಲೋಹದ ತೆಳು ಪದರದ ಮೇಲೆ ಬೆಳಕಿನ ತರಂಗಕ್ಕಿಂತ ಚಿಕ್ಕದಾದ ಗೀರು ಅಥವಾ ರಂಧ್ರಗಳನ್ನು ಸಾಲಾಗಿ ಮಾಡಿದರೆ, ಅದು ಒಂದು ಬಣ್ಣವನ್ನು ಮಾತ್ರ ದಾಟಿಸುತ್ತದೆ. ಬಣ್ಣದ ಪುಡಿ, ಡೈ ಯಾವುದೂ ಬೇಕಿಲ್ಲ.
• ಯಾವ ಬಣ್ಣ ದಾಟಬೇಕು ಎಂಬುದನ್ನು ಗೀರುಗಳ ಅಳತೆ ಮತ್ತು ಅಂತರ ನಿರ್ಧರಿಸುತ್ತವೆ.
• ಯಾವುದೇ ಫಿಲ್ಟರ್ ತಾನು ಸೋಸಬೇಕಾದ ತರಂಗಕ್ಕೆ ಹೊಂದಬೇಕು, ಆ ತರಂಗದ ದಾರಿಯಲ್ಲೂ ಇರಬೇಕು. ಇದನ್ನು ಮರೆಸುವ ಜಾಹೀರಾತನ್ನು ನಂಬಬೇಡಿ.

ಫಿಲ್ಟರ್ ಅಂದರೆ ಏನು?

ಜರಡಿ ಹಿಟ್ಟನ್ನು ಕೆಳಗೆ ಬಿಟ್ಟು ತೌಡನ್ನು ಮೇಲೆ ಉಳಿಸಿಕೊಳ್ಳುತ್ತದೆ. ಬೆಳಕಿನ ಫಿಲ್ಟರ್ ಕೂಡ ಹೀಗೆಯೇ ಬೇಕಾದ್ದನ್ನು ಬಿಟ್ಟು ಬೇಡವಾದ್ದನ್ನು ತಡೆಯುತ್ತದೆ. ಆದರೆ ಅದು ನೋಡುವುದು ಕಣದ ಗಾತ್ರವನ್ನಲ್ಲ, ತರಂಗದೂರವನ್ನು. ತರಂಗದೂರ ಎಂದರೆ ಅಲೆಯ ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಇರುವ ದೂರ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು 400ರಿಂದ 700 ನ್ಯಾನೊಮೀಟರ್. ನೇರಳೆ, ನೀಲಿ ಈ ಅಂಕಿಗಳ ಕೆಳತುದಿಯಲ್ಲಿವೆ, ಹಸಿರು ನಡುವೆ ಇದೆ, ಕೆಂಪು ಮೇಲ್ತುದಿಯಲ್ಲಿದೆ. ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 80,000 ನ್ಯಾನೊಮೀಟರ್ ಎಂದರೆ ಈ ಅಳತೆಯ ಅಂದಾಜು ಸಿಗುತ್ತದೆ.

ಫಿಲ್ಟರ್ ಇರುವುದನ್ನು ಮನೆಯಲ್ಲೇ ನೋಡಬಹುದು. ಟಿವಿ ರಿಮೋಟಿನ ತುದಿಯಲ್ಲಿರುವ ಪುಟ್ಟ ಬಲ್ಬನ್ನು ಫೋನ್ ಕ್ಯಾಮೆರಾಕ್ಕೆ ತೋರಿಸಿ ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಕೆಲವು ಫೋನ್‌ಗಳ ಪರದೆಯಲ್ಲಿ, ಅದರಲ್ಲೂ ಸೆಲ್ಫಿ ಕ್ಯಾಮೆರಾದಲ್ಲಿ, ನೇರಳೆ ಛಾಯೆಯ ಬೆಳಕು ಮಿನುಗುತ್ತದೆ. ಅದು ಇನ್‌ಫ್ರಾರೆಡ್ ಬೆಳಕು. ಕ್ಯಾಮೆರಾದ ಸೆನ್ಸರ್ ಅದನ್ನು ಗ್ರಹಿಸಬಲ್ಲದು. ಫೋಟೊದ ಬಣ್ಣ ಕೆಡಬಾರದೆಂದು ಅದರ ಮುಂದೆ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಇಟ್ಟಿರುತ್ತಾರೆ. ನಿಮ್ಮ ಹಿಂಬದಿ ಕ್ಯಾಮೆರಾದಲ್ಲಿ ಬೆಳಕು ಕಾಣದಿದ್ದರೆ ಅದರ ಫಿಲ್ಟರ್ ಬಿಗಿಯಾಗಿದೆ ಎಂದರ್ಥ.

ಅದೇ ಸೆನ್ಸರಿನ ಮೇಲೆ ಇನ್ನೂ ಒಂದು ಬಗೆಯ ಫಿಲ್ಟರ್ ಇದೆ. ಸೆನ್ಸರಿಗೆ ತಾನಾಗಿ ಬಣ್ಣ ತಿಳಿಯುವುದಿಲ್ಲ, ಬೆಳಕು ಎಷ್ಟು ಬಿತ್ತು ಎಂಬುದಷ್ಟೇ ತಿಳಿಯುತ್ತದೆ. ಅದಕ್ಕಾಗಿ ಪ್ರತಿ ಚುಕ್ಕಿಯ ಮೇಲೆ ಕೆಂಪು, ಹಸಿರು ಅಥವಾ ನೀಲಿ ಬಣ್ಣದ ಫಿಲ್ಟರ್ ಕೂರಿಸುತ್ತಾರೆ. ಎರಡು ಹಸಿರಿಗೆ ಒಂದು ಕೆಂಪು, ಒಂದು ನೀಲಿ ಎಂಬ ಜೋಡಣೆಗೆ ಕೊಡಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದರು. ನಮ್ಮ ಫೋಟೊಗಳ ಬಣ್ಣ ಇಂದಿಗೂ ಬಹುಪಾಲು ಇದೇ ಉಪಾಯದಿಂದ ಬರುತ್ತದೆ. ಈ ಪುಟ್ಟ ಫಿಲ್ಟರ್‌ಗಳನ್ನು ಮಾಡುವುದು ಬಣ್ಣದ ಪಿಗ್ಮೆಂಟ್ ಅಥವಾ ಡೈ ಬೆರೆಸಿದ ಪದರದಿಂದ. ಬೇಡದ ಬಣ್ಣವನ್ನು ಆ ಪದರ ಹೀರಿಕೊಳ್ಳುತ್ತದೆ.

ಇದರಲ್ಲಿ ತೊಡಕುಗಳೂ ಇವೆ. ಡೈಗಳು ಬಿಸಿಲು ಮತ್ತು ಶಾಖಕ್ಕೆ ಮಾಸಬಹುದು. ಪ್ರತಿ ಬಣ್ಣಕ್ಕೂ ಬೇರೆ ರಾಸಾಯನಿಕ, ಬೇರೆ ಸುತ್ತಿನ ಕೆಲಸ ಬೇಕು. ಫೋನ್ ಸೆನ್ಸರಿನ ಒಂದೊಂದು ಚುಕ್ಕಿ ಈಗ ಮೈಕ್ರಾನಿಗಿಂತಲೂ, ಅಂದರೆ 1000 ನ್ಯಾನೊಮೀಟರಿಗಿಂತಲೂ ಚಿಕ್ಕದಾಗಿದೆ. ಅಷ್ಟು ಚಿಕ್ಕ ಜಾಗದಲ್ಲಿ ದಪ್ಪ ಬಣ್ಣದ ಪದರ ಕೂರಿಸಿದರೆ ಪಕ್ಕದ ಚುಕ್ಕಿಗೆ ಬೆಳಕು ಸೋರುತ್ತದೆ. ಬಣ್ಣವೇ ಹಚ್ಚದೆ ಬಣ್ಣ ಸೋಸಬಹುದೇ ಎಂಬ ಪ್ರಶ್ನೆ ಇಂಥ ತೊಡಕುಗಳಿಂದಲೇ ಮುಖ್ಯವಾಯಿತು.

ಲೋಹದೊಳಗಿನ ತುಳುಕಾಟ

ಬಕೆಟ್ ತುಂಬ ನೀರು ಹಿಡಿದು ನಡೆಯುವಾಗ ಒಂದು ವಿಚಿತ್ರ ಗಮನಿಸಿರುತ್ತೀರಿ. ನಿಧಾನವಾಗಿ ನಡೆದರೆ ನೀರು ಸುಮ್ಮನಿರುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಹೆಜ್ಜೆ ಹಾಕಿದಾಗ ಮಾತ್ರ ಜೋರಾಗಿ ತುಳುಕಿ ಹೊರಚೆಲ್ಲುತ್ತದೆ. ನಮ್ಮ ಹೆಜ್ಜೆಯ ಲಯವೂ ನೀರಿನ ಸಹಜ ತುಳುಕಿನ ಲಯವೂ ಒಂದಾದಾಗ ಹೀಗಾಗುತ್ತದೆ. ಇದಕ್ಕೆ ಅನುರಣನೆ ಎನ್ನುತ್ತಾರೆ. ಬಕೆಟ್ ಬದಲು ಚೊಂಬಿನಲ್ಲಿ ನೀರಿದ್ದರೆ ತುಳುಕಿನ ಲಯ ಇನ್ನೂ ಚುರುಕು. ಅಂದರೆ ಲಯವನ್ನು ನಿರ್ಧರಿಸುವುದರಲ್ಲಿ ಪಾತ್ರೆಯ ಗಾತ್ರಕ್ಕೆ ದೊಡ್ಡ ಪಾಲಿದೆ.

ಲೋಹದಲ್ಲೂ ಇಂಥ ‘ನೀರು’ ಇದೆ. ಚಿನ್ನ, ಬೆಳ್ಳಿ, ಅಲ್ಯುಮಿನಿಯಂನಂಥ ಲೋಹಗಳಲ್ಲಿ ಅಸಂಖ್ಯ ಎಲೆಕ್ಟ್ರಾನ್‌ಗಳು ಯಾವ ಪರಮಾಣುವಿಗೂ ಅಂಟಿಕೊಳ್ಳದೆ ಓಡಾಡುತ್ತಿರುತ್ತವೆ. ಬೆಳಕು ಒಂದು ವಿದ್ಯುತ್‌ಕಾಂತೀಯ ಅಲೆ. ಅದು ಲೋಹದ ಮೇಲೆ ಬಿದ್ದಾಗ ಈ ಎಲೆಕ್ಟ್ರಾನ್‌ಗಳನ್ನು ಅತ್ತಿತ್ತ ತಳ್ಳುತ್ತದೆ. ಅವೆಲ್ಲ ಒಟ್ಟಾಗಿ ತುಳುಕುವುದಕ್ಕೇ ‘ಪ್ಲಾಸ್ಮಾನ್’ ಎಂದು ಹೆಸರು. ಲೋಹವನ್ನು ನ್ಯಾನೊ ಗಾತ್ರದ ಚೂರು, ಗೀರು ಅಥವಾ ರಂಧ್ರಗಳಾಗಿ ರೂಪಿಸಿದರೆ ಪ್ರತಿಯೊಂದೂ ಒಂದು ಪುಟ್ಟ ಪಾತ್ರೆಯಂತಾಗುತ್ತದೆ. ತನ್ನ ಲಯಕ್ಕೆ ಹೊಂದುವ ಬಣ್ಣ ಬಂದಾಗ ಅದು ಬಲವಾಗಿ ತುಳುಕುತ್ತದೆ, ಉಳಿದ ಬಣ್ಣಗಳಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಇಂಥ ಪುಟ್ಟ ರಚನೆಯೇ ನ್ಯಾನೊ ಅನುರಣಕ.

ಇದರ ಅತಿ ಸಾಮಾನ್ಯ ಉದಾಹರಣೆ ಮೆಡಿಕಲ್ ಸ್ಟೋರಿನಲ್ಲೇ ಸಿಗುತ್ತದೆ. ಗರ್ಭಧಾರಣೆ ಪರೀಕ್ಷೆಯ ಕಿಟ್ಟಿನಲ್ಲಿ, ಕೋವಿಡ್ ಕಾಲದ ರ‍್ಯಾಪಿಡ್ ಟೆಸ್ಟ್ ಕಿಟ್ಟಿನಲ್ಲಿ ಮೂಡುವ ಕೆಂಪು ಗೆರೆ ಹಲವು ಬ್ರಾಂಡ್‌ಗಳಲ್ಲಿ ಚಿನ್ನದ ನ್ಯಾನೊ ಕಣಗಳದ್ದು. ಬಳೆಯಲ್ಲಿ ಹಳದಿಯಾಗಿ ಹೊಳೆಯುವ ಚಿನ್ನವೇ ಕೆಲವು ಹತ್ತು ನ್ಯಾನೊಮೀಟರಿನ ಗುಂಡು ಕಣವಾದಾಗ ಹಸಿರು ಬೆಳಕನ್ನು ಹೀರಿ ಕೆಂಪಾಗಿ ಕಾಣುತ್ತದೆ. ಅಲ್ಲಿ ಚಿನ್ನದ ಕೆಲಸ ಗುರುತು ತೋರಿಸುವುದು ಮಾತ್ರ, ಅದು ಔಷಧವಲ್ಲ. ಗೆರೆಯನ್ನು ಕಿಟ್ ಮೇಲೆ ಬರೆದಿರುವ ಸಮಯದೊಳಗೆ ಓದಬೇಕು. ಗಂಟೆಗಟ್ಟಲೆ ಬಿಟ್ಟ ಮೇಲೆ ಕಾಣುವ ಮಸುಕು ಗೆರೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಹಳೆಯ ಬಟ್ಟಲಿನಿಂದ ಹೊಸ ಫಿಲ್ಟರಿನವರೆಗೆ

ಇದು ಹೊಸ ಬಣ್ಣವಲ್ಲ, ಹೊಸದು ತಿಳಿವಳಿಕೆ ಮಾತ್ರ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಲೈಕರ್ಗಸ್ ಬಟ್ಟಲು ಎಂಬ 4ನೇ ಶತಮಾನದ ರೋಮನ್ ಗಾಜಿನ ಪಾತ್ರೆ ಇದೆ. ಹೊರಗಿನಿಂದ ಬೆಳಕು ಬಿದ್ದರೆ ಹಸಿರು, ಒಳಗೆ ದೀಪವಿಟ್ಟರೆ ಕೆಂಪು. ಗಾಜಿನಲ್ಲಿ ಬೆರೆತಿರುವ ಚಿನ್ನ ಮತ್ತು ಬೆಳ್ಳಿಯ ಅತಿ ಸಣ್ಣ ಕಣಗಳೇ ಇದಕ್ಕೆ ಕಾರಣ. ಮಾಡಿದವರ ಕೈಗೆ ಕೆಲಸ ಸಿದ್ಧಿಸಿತ್ತು, ಕಾರಣ ಮಾತ್ರ ಅವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ.

1857ರಲ್ಲಿ ಮೈಕೆಲ್ ಫ್ಯಾರಡೆ ಚಿನ್ನದ ಕೆಂಪು ದ್ರಾವಣಗಳನ್ನು ತಯಾರಿಸಿ, ಬಣ್ಣಕ್ಕೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು ಎಂದು ವಾದಿಸಿದರು. 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ ಅದರ ಗಣಿತವನ್ನು ಕೊಟ್ಟರು.

ಮುಂದಿನ ದೊಡ್ಡ ತಿರುವು 1998ರದ್ದು. ತರಂಗದೂರಕ್ಕಿಂತ ಚಿಕ್ಕ ರಂಧ್ರದಲ್ಲಿ ಬೆಳಕು ಬಹಳ ಕಡಿಮೆ ದಾಟುತ್ತದೆ ಎಂದು ವಿಜ್ಞಾನಿಗಳು ಅಲ್ಲಿಯವರೆಗೆ ನಂಬಿದ್ದರು. ಹ್ಯಾನ್ಸ್ ಬೇತೆ 1944ರಲ್ಲಿ ಮಾಡಿದ್ದ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ಮೈಕ್ರೊವೇವ್ ಓವನ್ನಿನ ಬಾಗಿಲಿನ ಜಾಲರಿ ಇದೇ ತತ್ವದ ಮೇಲೆ ನಿಂತಿದೆ. ಒಳಗಿನ ಅಲೆಯ ತರಂಗದೂರ ಸುಮಾರು 12 ಸೆಂಟಿಮೀಟರ್, ಜಾಲರಿಯ ರಂಧ್ರ ಒಂದೆರಡು ಮಿಲಿಮೀಟರ್. ಆದ್ದರಿಂದ ಮೈಕ್ರೊವೇವ್ ಹೊರಬರುವುದಿಲ್ಲ, ಬೆಳಕು ಬರುತ್ತದೆ. ಆದರೆ ಥಾಮಸ್ ಎಬ್ಬೆಸನ್ ಮತ್ತು ಸಂಗಡಿಗರು ತೆಳು ಬೆಳ್ಳಿ ಪದರದಲ್ಲಿ ನ್ಯಾನೊ ರಂಧ್ರಗಳನ್ನು ಕ್ರಮಬದ್ಧ ಸಾಲುಗಳಲ್ಲಿ ಮಾಡಿದಾಗ, ಕೆಲವು ತರಂಗದೂರಗಳಲ್ಲಿ ರಂಧ್ರಗಳ ಮೇಲೆ ನೇರವಾಗಿ ಬಿದ್ದ ಬೆಳಕಿಗಿಂತಲೂ ಹೆಚ್ಚು ಬೆಳಕು ಆಚೆ ಬಂತು. ರಂಧ್ರದ ಸುತ್ತಲಿನ ಲೋಹದ ಮೇಲೆ ಬಿದ್ದ ಬೆಳಕನ್ನೂ ಪ್ಲಾಸ್ಮಾನ್‌ಗಳು ಹಿಡಿದು ರಂಧ್ರದತ್ತ ತಂದು ದಾಟಿಸಿದ್ದವು. ಯಾವ ತರಂಗದೂರ ಹೆಚ್ಚು ದಾಟುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸಿದ್ದು ರಂಧ್ರಗಳ ನಡುವಿನ ಅಂತರ. ಫಿಲ್ಟರ್ ಮಾಡುವವರಿಗೆ ಬೇಕಿದ್ದದ್ದೂ ಇದೇ.

2010ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಎಲ್. ಜೇ ಗುವೊ ಅವರ ತಂಡ ಇದನ್ನು ಪರದೆಗೆ ಒಗ್ಗುವ ರೂಪಕ್ಕೆ ತಂದಿತು. ಎರಡು ಅಲ್ಯುಮಿನಿಯಂ ಪದರಗಳ ನಡುವೆ ಜಿಂಕ್ ಸೆಲೆನೈಡ್ ಎಂಬ ಪಾರದರ್ಶಕ ವಸ್ತು ಇಟ್ಟು, ಆ ಮೂರು ಪದರವನ್ನು ಸಮಾನಾಂತರ ಗೀರುಗಳಾಗಿ ಕೊರೆದರು. ಗೀರಿನಿಂದ ಗೀರಿಗೆ ಅಂತರ ಸುಮಾರು 360 ನ್ಯಾನೊಮೀಟರ್ ಇಟ್ಟರೆ ಕೆಂಪು, 270 ಇಟ್ಟರೆ ಹಸಿರು, 230 ಇಟ್ಟರೆ ನೀಲಿ. ವಸ್ತು ಒಂದೇ, ಬದಲಾದದ್ದು ಅಂತರ ಮಾತ್ರ. ಈ ವಿಧಾನದಲ್ಲಿ ಅವರು ತಮ್ಮ ವಿಶ್ವವಿದ್ಯಾಲಯದ ‘ಎಂ’ ಲಾಂಛನವನ್ನು ಸುಮಾರು 12 ಮೈಕ್ರಾನ್ ಅಗಲದಲ್ಲಿ ಬಣ್ಣಬಣ್ಣವಾಗಿ ಮೂಡಿಸಿದರು. ಕೂದಲಿನ ಅಗಲದಲ್ಲಿ ಅಂಥ ಆರು ಲಾಂಛನಗಳು ಸಾಲಾಗಿ ಕೂರಬಹುದು.

ವಿನ್ಯಾಸ ಮಾಡುವುದು ಹೇಗೆ?

ಇಂಥ ಫಿಲ್ಟರಿನ ವಿನ್ಯಾಸದಲ್ಲಿ ನಾಲ್ಕು ತೀರ್ಮಾನಗಳಿರುತ್ತವೆ.

1. ಲೋಹ ಯಾವುದು? ಚಿನ್ನ ತುಕ್ಕು ಹಿಡಿಯದು, ಆದರೆ ನೀಲಿ ಬೆಳಕನ್ನು ತಾನೇ ನುಂಗಿಬಿಡುತ್ತದೆ. ನೀಲಿ ಫಿಲ್ಟರಿಗೆ ಅದು ಆಗದು. ಬೆಳ್ಳಿ ಬೆಳಕನ್ನು ಕಡಿಮೆ ಪೋಲು ಮಾಡುತ್ತದೆ, ಆದರೆ ಮನೆಯ ಬೆಳ್ಳಿ ಕಾಲ್ಗೆಜ್ಜೆ ಕಪ್ಪಾಗುವಂತೆಯೇ ಗಾಳಿಯ ಗಂಧಕಾಂಶಕ್ಕೆ ಕಪ್ಪಾಗುತ್ತದೆ. ನ್ಯಾನೊ ಪದರಕ್ಕೆ ಅಷ್ಟು ಸಾಕು ಕೆಡಲು. ಅಲ್ಯುಮಿನಿಯಂ ಅಗ್ಗ, ನೀಲಿಯಲ್ಲೂ ಕೆಲಸ ಮಾಡುತ್ತದೆ, ಗಾಳಿಗೆ ಒಡ್ಡಿದಾಗ ತಾನಾಗಿ ಮೂಡುವ ತೆಳು ಆಕ್ಸೈಡ್ ಪದರ ಅದನ್ನು ಕಾಯುತ್ತದೆ. ಬಣ್ಣದ ಫಿಲ್ಟರ್‌ಗಳಿಗೆ ಅದನ್ನು ಆರಿಸುವುದು ಇದಕ್ಕೇ.

2. ಅಂತರ ಎಷ್ಟು? ಸಾಲುರಂಧ್ರಗಳ ಫಿಲ್ಟರಿಗೆ ಮೊದಲ ಅಂದಾಜು ಸುಲಭ. ದಾಟುವ ಬಣ್ಣದ ತರಂಗದೂರ ಹೆಚ್ಚುಕಡಿಮೆ ರಂಧ್ರಗಳ ಅಂತರವನ್ನು ಸುತ್ತಲಿನ ವಸ್ತುವಿನ ವಕ್ರೀಭವನ ಸೂಚ್ಯಂಕದಿಂದ ಗುಣಿಸಿದಷ್ಟು, ಲೋಹದ ಕಾರಣಕ್ಕೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಗಾಜಿನ ಸೂಚ್ಯಂಕ ಸುಮಾರು 1.5. ಗಾಜಿನೊಳಗೆ ಹುದುಗಿಸಿದ ಅಲ್ಯುಮಿನಿಯಂನಲ್ಲಿ ಅಂತರ 300 ನ್ಯಾನೊಮೀಟರ್ ಇದ್ದರೆ ಉತ್ತರ 460ರ ಆಸುಪಾಸು, ಅಂದರೆ ನೀಲಿ. 350 ಇದ್ದರೆ 540ರ ಆಸುಪಾಸು, ಹಸಿರು. 420 ಇದ್ದರೆ 650ರ ಆಸುಪಾಸು, ಕೆಂಪು.

3. ರಂಧ್ರ ಎಷ್ಟು ದೊಡ್ಡದು, ಪದರ ಎಷ್ಟು ದಪ್ಪ? ರಂಧ್ರ ದೊಡ್ಡದಾದರೆ ಹೆಚ್ಚು ಬೆಳಕು ದಾಟುತ್ತದೆ, ಆದರೆ ಪಕ್ಕದ ಬಣ್ಣಗಳೂ ನುಸುಳಿ ಬಣ್ಣ ತೆಳುವಾಗುತ್ತದೆ. ಚಿಕ್ಕದಾದರೆ ಬಣ್ಣ ಶುದ್ಧ, ಚಿತ್ರ ಮಂಕು. ಎರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದು ಉಪಯೋಗವನ್ನು ಅವಲಂಬಿಸಿದೆ.

4. ಆಕಾರ ಏನು? ಉದ್ದನೆಯ ಗೀರುಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ, ಅಂದರೆ ಧ್ರುವೀಕೃತ ಬೆಳಕನ್ನು ದಾಟಿಸುತ್ತವೆ. ಕ್ಯಾಮೆರಾಕ್ಕೆ ಇದು ನಷ್ಟ. ಎಲ್‌ಸಿಡಿ ಪರದೆಗೆ ಲಾಭ, ಏಕೆಂದರೆ ಅಲ್ಲಿ ಹೇಗೂ ಧ್ರುವೀಕರಿಸುವ ಹಾಳೆ ಬೇಕೇ ಬೇಕು. ಮಿಶಿಗನ್ ತಂಡ ಗೀರುಗಳನ್ನು ಆರಿಸಿದ್ದರ ಒಂದು ಲಾಭವೂ ಇದೇ. ದುಂಡು ರಂಧ್ರಗಳಿಗೆ ಈ ದಿಕ್ಕಿನ ಹಂಗಿಲ್ಲ.

ಈ ಅಂದಾಜನ್ನು ಕಂಪ್ಯೂಟರಿನಲ್ಲಿ ಮ್ಯಾಕ್ಸ್‌ವೆಲ್ ಸಮೀಕರಣಗಳ ಮೂಲಕ ತಿದ್ದುತ್ತಾರೆ. ಆಮೇಲೆ ಕ್ಲೀನ್‌ರೂಮಿನಲ್ಲಿ, ಹೆಚ್ಚಾಗಿ ಎಲೆಕ್ಟ್ರಾನ್ ಕಿರಣದಿಂದ ವಿನ್ಯಾಸ ಬರೆದು, ಲೋಹದ ಮೇಲೆ ಕೊರೆಯುತ್ತಾರೆ. ಕೊನೆಗೆ ಸ್ಪೆಕ್ಟ್ರೊಮೀಟರಿನಲ್ಲಿ ಯಾವ ತರಂಗದೂರ ಎಷ್ಟು ದಾಟಿತು ಎಂದು ಅಳೆಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿಯೂ ಇಂಥ ನ್ಯಾನೊ ರಚನೆಗಳನ್ನು ತಯಾರಿಸುವ ಕ್ಲೀನ್‌ರೂಮ್ ಇದೆ.

ನನ್ನ ಫೋನಿನಲ್ಲಿ ಇದು ಇದೆಯೇ?

ಸಾಮಾನ್ಯವಾಗಿ ಇಲ್ಲ. ಮಾರುಕಟ್ಟೆಯ ಫೋನ್ ಕ್ಯಾಮೆರಾಗಳಲ್ಲಿ ಬಣ್ಣ ಸೋಸುವ ಕೆಲಸವನ್ನು ಇನ್ನೂ ಪಿಗ್ಮೆಂಟ್, ಡೈಗಳೇ ಮಾಡುತ್ತಿವೆ. ಕಾರಣಗಳು ಸ್ಪಷ್ಟ. ಲೋಹದಲ್ಲಿ ತುಳುಕುವ ಎಲೆಕ್ಟ್ರಾನ್‌ಗಳು ಒಂದಷ್ಟು ಬೆಳಕನ್ನು ಶಾಖವಾಗಿ ಕಳೆಯುತ್ತವೆ, ಹಾಗಾಗಿ ಚಿತ್ರ ಮಂಕಾಗುತ್ತದೆ. ಎಲೆಕ್ಟ್ರಾನ್ ಕಿರಣದ ಬರವಣಿಗೆ ನಿಧಾನ, ದುಬಾರಿ. ಅಲ್ಲದೆ ಬೆಳಕು ಓರೆಯಾಗಿ ಬಿದ್ದಾಗ ಕೆಲವು ವಿನ್ಯಾಸಗಳಲ್ಲಿ ಬಣ್ಣವೇ ಬದಲಾಗುತ್ತದೆ.

ಓರೆ ಮಾಡಿದಾಗ ಬಣ್ಣ ಬದಲಾಗುವುದು ಎಲ್ಲ ಕಡೆ ದೋಷವಲ್ಲ. ಹೊಸ 500 ರೂಪಾಯಿ ನೋಟನ್ನು ವಾಲಿಸಿ ನೋಡಿ. ಅದರ ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಫೋಟೊಕಾಪಿಯಲ್ಲಿ ಇದು ಬರುವುದಿಲ್ಲ. ನೋಟಿನ ಎಳೆ ಪ್ಲಾಸ್ಮಾನಿಕ್ ಎಂದು ನಾವು ಹೇಳುತ್ತಿಲ್ಲ. ಆದರೆ ಲೋಹದ ನ್ಯಾನೊ ಗೀರುಗಳ ಬಣ್ಣವನ್ನು ನಕಲು ಮಾಡುವುದು ಕಷ್ಟವಾದ್ದರಿಂದ, ಅದನ್ನೂ ಭದ್ರತಾ ಗುರುತಾಗಿ ಬಳಸುವ ಬಗ್ಗೆ ಸಂಶೋಧನೆ ನಡೆದಿದೆ.

ಈಗ ಫಾರ್ವರ್ಡ್‌ಗಳತ್ತ

ಮೇಲಿನ ವಿಜ್ಞಾನದಿಂದ ಒಂದು ಸರಳ ನಿಯಮ ಸಿಗುತ್ತದೆ: ಫಿಲ್ಟರ್ ತರಂಗಕ್ಕೆ ಹೊಂದಬೇಕು, ತರಂಗದ ದಾರಿಯಲ್ಲಿರಬೇಕು, ಅದರ ಫಲವನ್ನು ಅಳೆಯಲು ಬರಬೇಕು. ಮೂರು ಹೇಳಿಕೆಗಳನ್ನು ಇದರಿಂದ ಪರೀಕ್ಷಿಸೋಣ.

ಹೇಳಿಕೆ: ಫೋನಿಗೆ ಅಂಟಿಸುವ ನ್ಯಾನೊ ಸ್ಟಿಕ್ಕರ್ ವಿಕಿರಣವನ್ನು ಸೋಸುತ್ತದೆ.
ವಾಸ್ತವ: ಮೊಬೈಲ್ ಬಳಸುವ 900 ಮೆಗಾಹರ್ಟ್ಸ್ ಅಲೆಯ ತರಂಗದೂರ ಸುಮಾರು 33 ಸೆಂಟಿಮೀಟರ್, 5ಜಿಯ 3.5 ಗಿಗಾಹರ್ಟ್ಸ್ ಅಲೆಯದ್ದು ಸುಮಾರು 8.6 ಸೆಂಟಿಮೀಟರ್. ಇದು ಹಸಿರು ಬೆಳಕಿನ ತರಂಗದೂರದ ಒಂದೂವರೆ ಲಕ್ಷ ಪಟ್ಟಿಗೂ ಹೆಚ್ಚು. ಬೆಳಕಿಗೆ ಲಯ ಹೊಂದಿಸಿದ ನ್ಯಾನೊ ಗೀರು ಈ ಅಲೆಯನ್ನು ಆರಿಸಿ ಹಿಡಿಯಲಾರದು. ಲೋಹದ ಹಾಳೆ ರೇಡಿಯೊ ಅಲೆಯನ್ನು ತಡೆಯುತ್ತದೆ ನಿಜ, ಆದರೆ ಅದು ಫೋನನ್ನು ಪೂರ್ತಿ ಮುಚ್ಚಿರಬೇಕು. ಹಾಗೆ ಮುಚ್ಚಿದರೆ ಕರೆಯೇ ಬರುವುದಿಲ್ಲ. ಆಂಟೆನಾಕ್ಕೆ ಅರೆಬರೆ ಅಡ್ಡಿಯಾದರೆ ಟವರನ್ನು ಮುಟ್ಟಲು ಫೋನ್ ಇನ್ನೂ ಜೋರಾಗಿ ಪ್ರಸಾರ ಮಾಡುತ್ತದೆ. ಸ್ಟಿಕ್ಕರ್ ಅಂಟಿಸಿದ ಮೇಲೂ ನೆಟ್‌ವರ್ಕ್ ಮೊದಲಿನಂತೆಯೇ ಇದ್ದರೆ ಅದು ಏನನ್ನೂ ಸೋಸುತ್ತಿಲ್ಲ ಎಂದೇ ತಿಳಿಯಿರಿ. ಒಡ್ಡಿಕೆ ಕಡಿಮೆ ಮಾಡಬೇಕು ಅನ್ನಿಸಿದರೆ ಸ್ಪೀಕರ್ ಅಥವಾ ಇಯರ್‌ಫೋನ್ ಬಳಸಿ ಫೋನನ್ನು ತಲೆಯಿಂದ ದೂರವಿಡಿ. ಅದಕ್ಕೆ ಖರ್ಚಿಲ್ಲ.

ಹೇಳಿಕೆ: ಪೆಂಡೆಂಟ್ ಅಥವಾ ಕೈಪಟ್ಟಿ ಧರಿಸಿದರೆ 5ಜಿಯಿಂದ ರಕ್ಷಣೆ.
ವಾಸ್ತವ: ಕೊರಳಿನ ಪದಕ ಅಲೆಯ ದಾರಿಯಲ್ಲೇ ಇಲ್ಲ. ಇದರಲ್ಲಿ ಹಣದ ನಷ್ಟಕ್ಕಿಂತ ದೊಡ್ಡ ಅಪಾಯವೂ ಇರಬಹುದು. 2021ರ ಡಿಸೆಂಬರಿನಲ್ಲಿ ನೆದರ್‌ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ, 5ಜಿಯಿಂದ ಕಾಯುತ್ತವೆ ಎಂದು ಮಾರಲಾಗುತ್ತಿದ್ದ ಇಂಥ 10 ಉತ್ಪನ್ನಗಳು ವಿಕಿರಣಶೀಲ ಎಂದು ಕಂಡುಕೊಂಡು, ಅವನ್ನು ಧರಿಸಬೇಡಿ ಎಂದು ಎಚ್ಚರಿಸಿತು. ಮೊಬೈಲಿನ ರೇಡಿಯೊ ಅಲೆಗೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವಷ್ಟು ಶಕ್ತಿ ಇಲ್ಲ. ಆ ಪದಕಗಳು ಹೊರಸೂಸುತ್ತಿದ್ದದ್ದು ಅಂಥ ಶಕ್ತಿಯಿದ್ದ ವಿಕಿರಣ.

ಹೇಳಿಕೆ: 2000 ರೂಪಾಯಿ ನೋಟಿನಲ್ಲಿ ನ್ಯಾನೊ ಜಿಪಿಎಸ್ ಚಿಪ್ ಇತ್ತು.
ವಾಸ್ತವ: 2016ರ ನೋಟು ರದ್ದತಿಯ ಹೊತ್ತಿನಲ್ಲಿ ಹರಡಿದ ಈ ಸುದ್ದಿ ಸುಳ್ಳು. ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಭದ್ರತಾ ಲಕ್ಷಣಗಳ ಪಟ್ಟಿಯಲ್ಲಿ ಅಂಥದ್ದೇನೂ ಇರಲಿಲ್ಲ. ಜಿಪಿಎಸ್ ಉಪಕರಣ ಉಪಗ್ರಹದ ಸಂಕೇತವನ್ನು ಸ್ವೀಕರಿಸುತ್ತದೆ ಅಷ್ಟೆ. ತಾನಿರುವ ಜಾಗವನ್ನು ಬೇರೆಯವರಿಗೆ ತಿಳಿಸಲು ಅದಕ್ಕೆ ಪ್ರಸಾರ ಮಾಡುವ ಆಂಟೆನಾ ಬೇಕು, ವಿದ್ಯುತ್ ಬೇಕು. ನೋಟಿನ ಕಾಗದದಲ್ಲಿ ಬ್ಯಾಟರಿ ಎಲ್ಲಿದೆ?

ಹಂಚುವ ಮುನ್ನ ನಾಲ್ಕು ಪ್ರಶ್ನೆ

‘ನ್ಯಾನೊ’ ಎಂಬ ಪದವಿರುವ ಸಂದೇಶ ಬಂದಾಗ ಇವನ್ನು ಕೇಳಿಕೊಳ್ಳಿ.

1. ಇದು ಯಾವ ತರಂಗವನ್ನು ಅಥವಾ ಯಾವ ವಸ್ತುವನ್ನು ಸೋಸುತ್ತದೆ ಎಂದು ಹೆಸರಿಸಿದೆಯೇ?
2. ಅದರ ಗಾತ್ರ ಆ ಕೆಲಸಕ್ಕೆ ಹೊಂದುತ್ತದೆಯೇ? ಅದು ಇರುವ ಜಾಗ ಸರಿಯೇ?
3. ಎಷ್ಟು ತಡೆಯುತ್ತದೆ, ಎಷ್ಟು ಬಿಡುತ್ತದೆ ಎಂದು ಅಳೆದು ಹೇಳಿದೆಯೇ?
4. ಅದರ ಮಿತಿಗಳನ್ನು ಹೇಳಿದೆಯೇ?

ಪ್ಲಾಸ್ಮಾನಿಕ್ ಫಿಲ್ಟರ್ ಮಾಡುವವರು ಈ ನಾಲ್ಕಕ್ಕೂ ಅಂಕಿಗಳಲ್ಲಿ ಉತ್ತರ ಕೊಡುತ್ತಾರೆ. 270 ನ್ಯಾನೊಮೀಟರ್ ಅಂತರ, ಹಸಿರು ಬೆಳಕು, ದಾಟುವುದು ಇಷ್ಟು, ಶಾಖವಾಗಿ ಕಳೆಯುವುದು ಇಷ್ಟು ಎಂದು ಲೆಕ್ಕ ತೋರಿಸುತ್ತಾರೆ. ಅಷ್ಟು ಲೆಕ್ಕ ಕೊಟ್ಟ ಮೇಲೂ ಅದು ಇನ್ನೂ ನಮ್ಮ ಫೋನಿನ ಕ್ಯಾಮೆರಾಕ್ಕೆ ಬಂದಿಲ್ಲ. ಒಂದು ಅಂಕಿಯನ್ನೂ ಕೊಡದೆ ದೇಹವನ್ನೆಲ್ಲ ಕಾಯುತ್ತೇನೆ ಎನ್ನುವ ಸ್ಟಿಕ್ಕರಿಗೆ ಹಣ ಕೊಡುವ ಮುನ್ನ, ಆ ಸಂದೇಶವನ್ನು ಮನೆಯ ಗ್ರೂಪಿಗೆ ಕಳಿಸುವ ಮುನ್ನ, ಇಷ್ಟನ್ನು ನೆನಪಿಡಿ.